ತಾಳೆ

ಹದಿನಾಲ್ಕು ಹಂಗಾಮು ಸಕ್ಕರಿ ಕಾರ್ಖಾನಿ ಕಾಟಾದಾಗ ಕುಂತಾಂವ ನಾ.
ಕಬ್ಬಿನ ಗಾಡಿ ಬಂತು, ತೂಕ ಬರಿ,
ರವದಿ ಕಡಿತ ಹಾಕು, ಚೀಟಿ ಹರಿ.
ಈಗ ಸಾಂಬ್ರಾದಾಗ, ವಿಮಾನ ಕಲಸೂ ಶಾಲಿ ಕಚೇರ್ಯಾಗ
ಅಂಥಾದ್ದ ಒಂದು ಖುರ್ಚಿ.
ತೂಗೂದು ತಾಸು.

ದಾನೇಶ್ವರಿ ಪಟ್ಟೇದ, ಬೈಲಹೊಂಗಲ.
ಸೋಮವಾರ ಹತ್ತಕ್ಕ ಬಂದು ಲಾಗ್‌ಬುಕ್ ಇಟ್ಲು ಟೇಬಲ್ ಮ್ಯಾಲ,
ಹಳೇ ಕ್ಯಾಲೆಂಡರ್ ಹಾಳಿ ಹೊದಿಸಿದ್ದು.
ನರ್ಮದೆ ಆಚೆ ಆಕಿ ಕಲೀತಿದ್ದ ಶಾಲಿಗೆ
ಹೋಳಿ ಮುಂದ ಕೀಲಿ ಬಿತ್ತು.
ಫೀ ಹೋದದ್ದು ಹೋತು, ತಾಸು ಅಷ್ಟ ಉಳದಾವು:
ನೂರಾ ಹನ್ನೆರಡು, ಮ್ಯಾಲ ನಲವತ್ತು ನಿಮಿಷ.

ಲೈಸೆನ್ಸಿಗೆ ಬೇಕು ಇನ್ನೂರು.
ಇನ್ನೆಷ್ಟ್ರಿ ಸರ, ಅಂದ್ಲು,
ಉತ್ತರ ಮನ್ಯಾಗ ಬರಕೊಂಡು ಬಂದಾಕಿ ಹಂಗ.
ಅಷ್ಟು ಹಗುರ ಕಳಿಯಾಕ ಬರೂದಿಲ್ಲವ್ವಾ, ಅಂದೆ.
ಕಲಿಸಿದವರ ಸಹಿ, ಇಂಧನದ ವಹಿ, ಟವರಿನ ನಮೂದು
ಒಂದಕ್ಕೊಂದು ತಾಳೆ ಆಗಬೇಕು.
ಅಲ್ಲಿ ಹಾರಿದ್ದು ಇಲ್ಲಿ ಹಾರಿಧಂಗ ಆಗಬೇಕಂದ್ರ
ಆಕಾಶ ಒಂದ ಇದ್ರ ಸಾಲೂದಿಲ್ಲ.

ಕೆಂಪು ಪೆನ್ನು ತಗದೆ.
ರಾತ್ರಿ ಹಾರಾಟ ಮೂರು ತಾಸು,
ರನ್‌ವೇ ದೀಪ ಹಚ್ಚಿದ ದಾಖಲೆ ಇಲ್ಲ. ಕಡಿತ.
ಮಳಿಗಾಲದ ಹನ್ನೊಂದು ತಾಸು,
ಶಿಕ್ಕಾ ಐತಿ, ಸಹಿ ಇಲ್ಲ,
ಸಹಿ ಮಾಡೂ ಕ್ಯಾಪ್ಟನ್ ಈಗ ಯಾವ ದೇಶದಾಗ ಅದಾನೋ.
ನಲವತ್ತೊಂದನೇ ಪುಟದಾಗ ಒಬ್ಬಾಕಿನ ಹೋದ ದೂರದ ಹಾರಾಟ,
ಎರಡು ತಾಸು ಐದು ನಿಮಿಷ.
ಷರಾ ಕಾಲಮ್ಮಿನಾಗ ಇರುವಿ ಸಾಲಿನಂಥ ಅಕ್ಷರ:
ಎಂಜಿನ್ ಕೆಮ್ಮಿತು. ಒಂದು ತೊಗರಿ ಹೊಲ ನೋಡಿ ಇಟ್ಟುಕೊಂಡೆ.
ಇಳಿಯುವ ಪ್ರಸಂಗ ಬರಲಿಲ್ಲ.
ಬಾಜೂಕ ಚಹಾದ ಕಲಿ.
ಸಹಿ ಜಾಗಾ ಬೆಳ್ಳಗ.

ಇದೂ ಏನ್ರಿ?
ಇದೂನು.

ಆಕಿ ಕಿಟಕಿ ಹೊರಗ ನೋಡಿದ್ಲು.
ಹೈದರಾಬಾದಿನ ವಿಮಾನ ಇಳೀತಿತ್ತು,
ಬಟಾಟಿ ಹೊಲದಾಗ ಅದರ ನೆರಳು ಮೊದಲ ಇಳದಿತ್ತು.
ಅಡ್ಡ ಗಾಳಿ ಐತ್ರಿ, ಅಂದ್ಲು, ಗಾಳಿಚೀಲ ನೋಡದನ.
ಟೇಬಲ್ ಕೆಳಗ ಆಕಿ ಎಡಗಾಲು
ತಾನ ಮುಂದ ಸರದು ನೆಲಾ ಒತ್ತಿತು,
ವಿಮಾನ ಗಾಲಿ ಊರೂತನಕ ಒತ್ತೇ ಇತ್ತು.

ಅದಕ್ಕ ಕಾಲಮ್ ಇಲ್ಲ.
ನಾ ಬರದೆ: ತೊಂಬತ್ತಾರು, ಮೂವತ್ತೈದು ನಿಮಿಷ.

ಸರ, ನಿಮ್ಮ ಮೊದಲಿನ ಸರ್ವಿಸ್ ಇಲ್ಲಿ ಹಿಡದಾರೇನ್ರಿ?
ಸುಮ್ನ ಕೇಳಿದ್ಲು, ಸಿಟ್ಟಿಲೆ ಅಲ್ಲ.
ನನ್ನ ಡ್ರಾವರಿನಾಗ ಪಿ.ಎಫ್. ಅರ್ಜಿ,
ಮೂರನೇ ಸಲ ವಾಪಸ್ ಬಂದದ್ದು:
'ಸಹಿ ತಾಳೆ ಆಗುವುದಿಲ್ಲ.'
ಡ್ರಾವರ್ ಮೊಣಕಾಲಿಲೆ ದೂಡಿ ಮುಚ್ಚಿದೆ.

ನಲವತ್ತೊಂದನೇ ಪುಟಕ್ಕ ಗೆರಿ ಎಳಿಯೂ ಮುಂದ
ಪೆನ್ನು ಒತ್ತಲಿಲ್ಲ.
ಕೆಳಗಿನ ಅಕ್ಷರ ಓದಾಕ ಬರ್ತಾವು.

ನೂರಾ ಮೂರು ತಾಸು, ಇಪ್ಪತ್ತೈದು ನಿಮಿಷ ಬಾಕಿ ಅಂತ
ಚೀಟಿ ಹರದು ಕೊಟ್ಟೆ.
ನಾಳೆ ಆರಕ್ಕ ಬಾ, ಅಂದೆ.
ಮಂಜು ಇತ್ತಂದ್ರ ಏಳಕ್ಕ.