ಎರಡು ಬೆರಳು

ಕಾರಡ್ಕದಾಚೆ ನಮ್ಮ ಗುಡ್ಡೆಯ ಬೇಲಿಗುಂಟ
ಕಹಿ ಮರಗೆಣಸನ್ನೇ ನೆಡುತ್ತಿದ್ದಳು ಅಮ್ಮ.
ಸಿಹಿಯದ್ದಾದರೆ ಮುಳ್ಳುಹಂದಿಗೆ,
ಕಹಿಯದ್ದು ತನ್ನ ಕಾವಲು ತಾನೇ ಕೂರುತ್ತದೆ.
ಈ ಬುದ್ಧಿ ಕೊಟ್ಟವಳು ಏಲಿಕುಟ್ಟಿ ಚೇಡತ್ತಿ,
ತೊಡುಪುಳದಿಂದ ಗಂಡನ ಹಿಂದೆ ಬಂದು
ಗೋಣಿಯಲ್ಲಿ ಸುತ್ತಿದ ನಾಲ್ಕು ಕೋಲು ಊರಿದವಳು.
ಅವಳು 'ಕಪ್ಪ' ಎಂದದ್ದು ಅಮ್ಮನಿಗೆ 'ಕಪ್ಪೆ' ಎಂದು ಕೇಳಿ
ಮೊದಲ ದಿನ ಉಣ್ಣದೆ ಎದ್ದು ಬಂದಿದ್ದಳಂತೆ.
ಆಮೇಲೆ ಅವಳ ಮಲಯಾಳಕ್ಕೆ ಇವಳ ತುಳು,
ಗೆಣಸಿನ ಮಟ್ಟಿಗೆ ಅಷ್ಟು ಸಾಕಾಗುತ್ತಿತ್ತು:

ಸಿಪ್ಪೆ ತೆಗಿ, ಒಳಗಿನ ಗುಲಾಬಿ ತೊಗಲನ್ನೂ ಬಿಡಬೇಡ.
ಹಸಿ ಚೂರೊಂದನ್ನು ನಾಲಿಗೆಯ ತುದಿಗಿಟ್ಟು ಉಗುಳು.
ಸುಮ್ಮನಿದ್ದರೆ ಒಂದು ರಾತ್ರಿ,
ಚುರ್ರೆಂದರೆ ಮೂರು ರಾತ್ರಿ
ತೋಡಿನಲ್ಲಿ ಬುಟ್ಟಿ, ಬುಟ್ಟಿಯ ಮೇಲೆ ಕಲ್ಲು.
ಬೇಯಿಸಿದ ನೀರನ್ನು ಕೋಳಿಗೂ ಇಡಬೇಡ.
ಮತ್ತೆ, ಕುದಿಯುವಾಗ ಮುಚ್ಚಬೇಡ ಮಾರಾಯ್ತಿ,
ಹೋಗುವಂಥದ್ದು ಹೋಗಲಿ.

ಗುಡ್ಡೆಯ ಹನ್ನೊಂದು ಮನೆಗೂ ಅಮ್ಮನ ನಾಲಿಗೆಯೇ ತಕ್ಕಡಿ.
ಕುಂಞಮ್ಮ, ಬೀಫಾತು, ಮೇಲಿನ ಮನೆಯ ಮಾಂಕು
ಬುಟ್ಟಿ ಹೊತ್ತು ಬಂದು ಅಂಗಳದಲ್ಲಿ ನಿಲ್ಲುವರು.
ಅವಳು ಕಚ್ಚಿ, ಉಗುಳಿ, ಬೆರಳೆತ್ತುವಳು.
ಒಂದು. ಇಲ್ಲವೇ ಮೂರು.
ಎರಡು ಎತ್ತಿದ್ದನ್ನು ನಾನು ಕಂಡವಳಲ್ಲ.

ನನ್ನ ಒಂಬತ್ತನೇ ಕ್ಲಾಸಿನ ವರ್ಷ ಮಳೆ ಬೇಗ ನಿಂತಿತು.
ಬಾಯಾರಿದ ಗೆಣಸಿಗೆ ಸಿಟ್ಟು ಜಾಸ್ತಿ.
ಅಮ್ಮ ಹದಿನೈದು ದಿನದ ಜ್ವರದಿಂದ ಎದ್ದು ಕೂತವಳು
ಮಾಂಕುವಿನ ಬುಟ್ಟಿಗೆ ಒಂದು ಬೆರಳೆತ್ತಿದಳು.
ಮರುದಿನ ಸಂಜೆ ಅವನ ಮೂರೂ ಮಕ್ಕಳು
ವಾಂತಿ, ತಲೆಸುತ್ತು, ಜೀಪಿನಲ್ಲಿ ಮುಳ್ಳೇರಿಯಕ್ಕೆ.
ಬದುಕಿ ಬಂದರು. ಯಾರೂ ಏನೂ ಅನ್ನಲಿಲ್ಲ.
ಬುಟ್ಟಿಗಳು ಬರುತ್ತಲೇ ಇದ್ದವು, ಅದೇ ಕಷ್ಟ.
ಅಂದಿನಿಂದ ಎಲ್ಲರಿಗೂ ಮೂರು,
ಎಳೆಯದಕ್ಕೂ ಮೂರು, ಸಿಹಿ ಜಾತಿಗೂ ಮೂರು.

ಒಂದು ಬೆಳಿಗ್ಗೆ ಡಬ್ಬಿ ತಪ್ಪಿ ಚಹಾಕ್ಕೆ ಉಪ್ಪು ಹಾಕಿದ್ದೆ.
ಅವಳು ಪೂರ್ತಿ ಕುಡಿದು ಲೋಟ ತೊಳೆದಿಟ್ಟಳು.

ವಾರಿಜಾಕ್ಷಿ ಟೀಚರ ಕಪಾಟಿನಲ್ಲಿ
ಒಣಗಿದರೆ ಸಿಡಿಯುವ ಹಳದಿ ಔಷಧಿಯೊಂದಿತ್ತು,
ಸದಾ ನೀರಲ್ಲಿ ನೆನೆಸಿ ಬೀಗ ಹಾಕಿಟ್ಟದ್ದು.
ಸೋಡಾದ ಜೊತೆ ಅದರಲ್ಲಿ ಅದ್ದಿದ ಕಾಗದದ ಪಟ್ಟಿ,
ಜಜ್ಜಿದ ಗೆಣಸಿನ ಮೇಲೆ ನೂಲಿನಿಂದ ತೂಗಿಬಿಡಬೇಕು,
ಗಾಜಿನ ಬಾಟ್ಲಿಯೊಳಗೆ, ರಾತ್ರಿಯಿಡೀ.
'ಇಲ್ಲಿ ಮಾತ್ರ ಮುಚ್ಚಳ ಬಿಗಿ' ಎಂದರು ಟೀಚರು.
ಯಾರಿಗೆಂದು ಕೇಳದೆ ಇಪ್ಪತ್ತು ಪಟ್ಟಿ ಕೊಟ್ಟರು.

ನಾನೂ ಮನೆಯಲ್ಲಿ ಏನೂ ಹೇಳಲಿಲ್ಲ.
ಕಿಟಕಿಯ ದಂಡೆಯಲ್ಲಿ ಬಾಟ್ಲಿ ಇಟ್ಟು ಮಲಗಿದೆ.
ನಡುರಾತ್ರಿ ಎಚ್ಚರವಾದಾಗ ಅಡುಗೆಕೋಣೆಯಲ್ಲಿ ಟಾರ್ಚು,
ಅದರ ಹಿಂದೆ ಅಮ್ಮ. ಹಳದಿ ಅಂಚಿನಿಂದಲೇ ಕದಡುತ್ತ
ಬೆಳಗಾಗುವಾಗ ಕಡಿದ ಮುರಕಲ್ಲಿನ ಬಣ್ಣ.
'ಇದು ಬೇಲಿಯದ್ದು' ಎಂದಳು. ಅಷ್ಟೇ.

ಆಮೇಲೆ ಬುಟ್ಟಿಯವರಿಗೆ ಹೊಸ ಮಾತು: ನಾಳೆ ಬನ್ನಿ,
ನಾಲಿಗೆಗೆ ಈಗ ಒಂದು ರಾತ್ರಿ ಬೇಕಾಗುತ್ತದೆ.
ಬಂದವರೆದುರು ಹಿಂದಿನಂತೆಯೇ ಕಚ್ಚಿ ಉಗುಳುವಳು,
ಕಣ್ಣು ಮಾತ್ರ ಕಿಟಕಿಯ ಕಡೆಗೆ.
ನಾನು ಪಾತ್ರೆ ತಿಕ್ಕುತ್ತ ತಲೆ ಎತ್ತುತ್ತಿರಲಿಲ್ಲ.

ಮಾಂಕು ಮತ್ತೆ ಬಂದ ದಿನ
ಪಟ್ಟಿ ಹಳದಿಯೂ ಅಲ್ಲ, ಕೆಂಪೂ ಅಲ್ಲ,
ಹಣ್ಣಾಗಲೋ ಬೇಡವೋ ಎಂಬ ಗೇರುಹಣ್ಣಿನ ಹಾಗೆ.
ಅಮ್ಮ ಉಗುಳಿದಳು. ತುಂಬ ಹೊತ್ತು ಸುಮ್ಮನಿದ್ದಳು.
ಎರಡು ಬೆರಳೆತ್ತಿದಳು.

'ಎರಡೋ?' ಎಂದ ಮಾಂಕು,
ಬುಟ್ಟಿಯನ್ನು ತಲೆಗೇರಿಸದೆ, ಅವಳನ್ನೇ ನೋಡುತ್ತ.