ಎಳ್ಳಷ್ಟು ಕಿರಿದು

ಫಾರೋ ಆಸ್ಪತ್ರೆಯ ಕತ್ತಲಕೋಣೆಯಲ್ಲಿ
ಡಾಕ್ಟರ್ ಕಿತೇರಿಯಾ ಪೆನ್ನಿನ ತುದಿ ಇಟ್ಟು ತೋರಿಸಿದರು:
ಇಗೋ ಇಲ್ಲಿ, ಕಿವಿಯಿಂದ ಎರಡು ಬೆರಳು ಒಳಗೆ,
ಹಿಪೊಕ್ಯಾಂಪಸ್. ಹೆಸರಿಗೆ ಕಡಲ್ಗುದುರೆ.
ನನಗೆ ನಗು ಬಂತು. ಅಲ್ಲಿ ನಗಬಾರದಿತ್ತು.

ಕಡಲ್ಗುದುರೆ ನಮಗೆ ಹೊಸದೇ?
ಅಪ್ಪನ ಬಲೆಯಲ್ಲಿ ಸೀಗಡಿಯ ನಡುವೆ ಸಿಕ್ಕದ್ದನ್ನು
ಅದೇರಿತು ಬೊಗಸೆಯಲ್ಲಿ ನೀರು ಹಿಡಿದು
ಮರಳಿ ಬಿಟ್ಟು ಬರುತ್ತಿದ್ದ.
ಈಜು ಅದಕ್ಕೆ ಅಷ್ಟಕ್ಕಷ್ಟೆ.
ಉಬ್ಬರ ಬರಲಿ ಇಳಿತ ಬರಲಿ
ಬಾಲದಿಂದ ಒಂದು ಹುಲ್ಲೆಸಳು ಹಿಡಿದು
ಇದ್ದಲ್ಲೇ ಇರುತ್ತದೆ.

"ಎಳ್ಳಷ್ಟು ಕಿರಿದು," ಎಂದರು ಡಾಕ್ಟರ್.
"ನೂರಾರು ಜನರ ಸರಾಸರಿಯಲ್ಲಿ ಕಾಣುವ ಮಾತಿದು,
ನಿಮ್ಮ ತಮ್ಮನ ಚಿತ್ರವೊಂದನ್ನೇ ಹಿಡಿದು ಹೇಳಲಾಗದು.
ಕಿರಿದಾದರೂ ಸುಮ್ಮನಿರದು, ಮೈಮುರಿದು ದುಡಿಯುತ್ತದಂತೆ.
ಯಾವ ಮಾತು ಎಲ್ಲಿಯದು, ಯಾವಾಗಿನದು, ಯಾರದು
ಎಂದು ಗಂಟು ಹಾಕುವ ಕೆಲಸ ಅದರದ್ದು.
ಒಂದು ಚೂರು ಸಿಕ್ಕರೆ ಸಾಕು, ಉಳಿದದ್ದನ್ನು ತಾನೇ ತುಂಬಿಸುತ್ತದೆ."

ಒಂದು ಚೂರು.
ಫ್ರಿಜ್ಜಿನ ಗುಂಯ್ ಸದ್ದು, ಅದರಿಂದ ಅಪ್ಪನ ದೋಣಿ,
ದೋಣಿಯಿಂದ ಅಪ್ಪ, ಸತ್ತು ಆರು ವರ್ಷ,
ಅಪ್ಪನಿಂದ ಬೈಗುಳ, ಬಾಗಿಲ ಹಿಂದಿನಿಂದಲೇ.
ಮೀನು ಮಾರುವ ದಿಯೊಲಿಂದಾ ಕೆಮ್ಮಿದರೆ ಅದು ಸಂಜ್ಞೆ.
ಎರಡು ಸಲ ಕೆಮ್ಮಿದರೆ
ಕುಲಾತ್ರಾ ದ್ವೀಪದ ಲಾಂಚು ಹತ್ತಬಾರದು.
ನಾನು ಫ್ರಿಜ್ಜಿನ ಪ್ಲಗ್ ಕಿತ್ತೆ. ಮೀನು ಕೆಟ್ಟಿತು.
ಅಪ್ಪ ಹೋಗಲಿಲ್ಲ.

ನಿಜ ಹೇಳುತ್ತೇನೆ, ಒಂದು ರಾತ್ರಿ
ನಾನೂ ಆ ಬಾಗಿಲಿಗೆ ಕಿವಿಗೊಟ್ಟೆ,
ಬೈಗುಳವಾದರೂ ಸರಿ ಎಂದು.

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ.
ಹೊರಗಿನ ಬೆಂಚಿನಲ್ಲಿ ಅವನು ಚಳಿಗೆ ಮುದುಡಿ ಕೂತಿದ್ದ.
"ಒಳಗೆ ಏನಿದೆಯಂತೆ?"
ಕುದುರೆ, ಎಂದೆ.
ಬಹಳ ಹೊತ್ತು ಯೋಚಿಸಿದ.
"ಹಿಡಿದುಕೊಳ್ಳೋಕೆ ಹುಲ್ಲು ಇದೆಯೇನು ಅಲ್ಲಿ?"

ಗೊತ್ತಿಲ್ಲ, ಎಂದೆ. ನಮ್ಮ ಹಿನ್ನೀರಿನಲ್ಲೂ ಈಗ ಹುಲ್ಲು ಕಡಿಮೆ,
ಲಂಗರುಗಳು ಬೇರುಸಮೇತ ಕೀಳುತ್ತವೆ.
ಬಸ್ಸು ಬಂದಾಗ ಬೋರ್ಡಿನ ಅಂಕಿಗಳನ್ನು ಮೂರು ಸಲ ಓದಿದ,
ಏನೋ ಕೂಡಿಸಿದ, ಕಳೆದ. ಡ್ರೈವರ್ ಹಾರ್ನ್ ಹೊಡೆದ. ನಾನು ಕಾದೆ.
ಆಮೇಲೆ ನನ್ನ ಕೋಟಿನ ತೋಳಿನ ತುದಿ ಹಿಡಿದು ಹತ್ತಿದ,
ಓಲ್ಯಾಂವ್ ಬರುವವರೆಗೂ ಬಿಡಲಿಲ್ಲ.
ಬುಧವಾರ ರಕ್ತ ಪರೀಕ್ಷೆ. ಮರೆಯಬಾರದು.