ಡುಕ್ಕರ್ ಫಿಯಾಟ್

ಉಮದಿಯೊಳಗ, ಅಮಸಿದ್ಧನ ಕಣಕಿ ಬಣವಿ ಹಿಂದ
ನಿಂತೈತಿ. ನಿಂತೈತಿ ಅನ್ನೂದೂ ತಪ್ಪ,
ನಾಕು ಕಲ್ಲಿನ ಮ್ಯಾಲ ಕುಂತೈತಿ
ಐವತ್ತೆಂಟರ ಫಿಯಾಟು.
ಮರಾಠ್ಯಾಗ ಇದಕ್ಕ ಡುಕ್ಕರ್ ಅಂತಾರ.
ಹೌದು ಮತ್ತ, ಮೂತಿ ಹಂದೀದು,
ಉಬ್ಬಿದ ಗಲ್ಲ, ಸಣ್ಣ ಕಣ್ಣು,
ಕೆಸರಿನ್ಯಾಗಿಂದ ಎದ್ದು ಯಾರನ್ನೋ ನೋಡಿದಂಗ.

"ಮೂವತ್ತು ಸಾವಿರ ಕೊಡು ಭೌರಕ್ಕ.
ಗುಜರಿಯವ ತೂಕದ ಮ್ಯಾಲ ಇಪ್ಪತ್ತೆರಡು ಅಂದಾನ.
ಮ್ಯಾಲಿನ ಎಂಟು ಸಾವಿರ ಮರ್ಯಾದಿದು."
ಯಾರ ಮರ್ಯಾದಿ ಅಂತ ನಾ ಕೇಳಲಿಲ್ಲ.

ನಂಬರ ಪಾಟಿ ತುಕ್ಕು ತಿಂದೈತಿ.
ಉಳದಾವ ಎರಡ ಅಕ್ಷರ: ಎಂ, ವೈ.
ಮೈಸೂರ ರಾಜ್ಯ ಇದ್ದಾಗಿನ ಗಾಡಿ,
ಗಡಿ ದಾಟಿ ಬಂದದ್ದು ವಾಪಸ್ ಹೋಗಿಲ್ಲ.
ಕೂಡಿಸಿ ಓದಿದ್ರ: ಮೈ.
ಬರೇ ಮೈ. ಜೀವ ಐತೋ ಇಲ್ಲೋ
ದಸ್ತಗೀರ ಬಂದು ಹೇಳಬೇಕು.

ದಸ್ತಗೀರ ನದಾಫ ಬಂದ. ಮಾತಾಡಲಿಲ್ಲ.
ಸ್ಕ್ರೂಡ್ರೈವರ್ ತಗೊಂಡು, ಡಾಕ್ಟರ್ ಹೊಟ್ಟಿ ಒತ್ತಿದಂಗ
ಅಲ್ಲಲ್ಲಿ ಒತ್ತಿದ.
ಒತ್ತಿದಲ್ಲೆಲ್ಲಾ ಹಪ್ಪಳ.
ಕೆಳಗ ತಗಡ ಇಲ್ಲ; ಕಾಲಿಡೂ ಜಾಗಾದಾಗ
ಔಡಲ ಗಿಡ ಎದ್ದು ಸ್ಟೇರಿಂಗ್ ಹಿಡದೈತಿ.
"ಪಿಸ್ಟನ್ ಜಾಮ್. ಡೀಸೆಲ್ ಹಾಕಿ ಎಂಟ ದಿನಾ ನೆನೆ ಇಡಬೇಕು,
ದ್ವಾಸಿ ಅಕ್ಕಿಗತೆ. ಬಿಟ್ರ ಬಿಟ್ಟೀತು.
ಬ್ರೇಕಿನ ಸಾಮಾನು ಸಾಂಗ್ಲ್ಯಾಗ ಸಿಗೂದಿಲ್ಲ,
ಸೊಲ್ಲಾಪುರದಾಗ ಒಬ್ಬವ ಇದ್ದ, ಸತ್ತ.
ಒಂದೂವರಿ ಲಕ್ಷ. ಕಡಿಮಿ ಹೇಳೀನಿ,
ನಿಮ್ಮ ಮಾರಿ ನೋಡಿ."

ಇಪ್ಪತ್ಮೂರು ವರ್ಷ ಆತು, ನಾ ವಿಮಾ ಏಜೆಂಟ್.
ಜತ್ ತಾಲೂಕಿನ್ಯಾಗ ಯಾರು ಎಷ್ಟ ದಿನ ಬದಕತಾರ
ಕೋಷ್ಟಕ ನೋಡಿ ಹೇಳಾಕಿ.
ದಮ್ಮು, ಸಕ್ಕರಿ, ಅಪ್ಪ ಯಾವ ವಯಸ್ಸಿಗೆ ಹೋದ,
ಎಲ್ಲಾ ಬರಕೊಂಡು ಕಂತು ಕಟ್ಟಿಸಾಕಿ.
ಈ ಡುಕ್ಕರಿಗೆ ಯಾವ ಫಾರಂ ತುಂಬಲಿ?
ವಯಸ್ಸು ಅರವತ್ತರ ಮ್ಯಾಲ. ಎದಿ ಬಡಿತ ಇಲ್ಲ.
ಮುದತ್ತು ಮುಗದ ಮ್ಯಾಲ ಕೈಗೆ ಬರೂದು ಏನು?
ಲೀಟರಿಗೆ ಹತ್ತು ಕಿಲೋಮೀಟರು,
ಸಂಖದ ಸಂತ್ಯಾಗ ಮಂದಿ ನಗಿ.

ಕಾಡಪ್ಪ, ನನ್ನ ಗಂಡ, ಲೆಕ್ಕ ಕೇಳಿ
ಭಕ್ರಿ ಮುರಿಯೂದು ನಿಲ್ಲಿಸಿ ಅಂದ:
"ನಿನಗ ಡ್ರೈವಿಂಗ ಬರೂದಿಲ್ಲಲಾ."
ಖರೇ.
ಸಣ್ಣಾಕಿ ಇದ್ದಾಗ ಇಂಥಾದ್ರಾಗ ಕುಂತಿದ್ದೆ,
ಅದರ ನೆನಪು ಅಂತ ಒಂದು ಕಥಿ ಕಟ್ಟಬಹುದಿತ್ತು.
ಕುಂತಿಲ್ಲ. ನಮ್ಮೂರಾಗ ಯಾರ ಕಡೇನೂ ಇರಲಿಲ್ಲ.
ಬಾಗಲಾ ಸೇರ್ಯಾವ, ಅಷ್ಟ.
ಮುಂದಿನವು ಉಲ್ಟಾ ತೆರಿತಾವ.
ಸೀರಿ ಉಟ್ಟಾಕಿ ಬಗ್ಗಿ ನುಸೀಬೇಕಂತಿಲ್ಲ,
ಕಟ್ಟಿಗೆ ಕುಂತಂಗ ಕುಂತು
ಆಮ್ಯಾಲ ಕಾಲು ಒಳಗ ತಗೊಂಡ್ರಾತು.

ಆವತ್ತು ರೊಕ್ಕಾ ಮಡಚಿಕೊಂಡು ಹೋದೆ. ಕೊಡಾಕಲ್ಲ,
ಸಂಗಾಟ ಇರಲಿ ಅಂತ.
ಗುಜರಿಯವನೂ ಬಂದಿದ್ದ, ಕ್ರೇನ್ ತಗೊಂಡು.
ಅಮಸಿದ್ಧನ ಹೇಣ್ತಿ ಬಾಳಾಬಾಯಿ ಅಡ್ಡ ನಿಂತ್ಲು:
"ಹಿಂದಿನ ಸೀಟಿನ್ಯಾಗ ಕೋಳಿ ಕಾವಿಗೆ ಕುಂತೈತಿ.
ಹನ್ನೊಂದು ತತ್ತಿ. ಮುಟ್ಟಿದ್ರ ನೋಡ್ರಿ ಮತ್ತ.
ಇಪ್ಪತ್ತೊಂದು ದಿನ ಗಾಡಿ ಯಾರಿಗೂ ಇಲ್ಲ."
ಕ್ರೇನು ತಿರುಗಿ ಹೋತು.
ನನ್ನೊಳಗಿಂದ ಒಂದು ಉಸಿರು ಹೋತು,
ಅದು ಸಮಾಧಾನದ್ದೋ, ಕೋಳಿ ಮ್ಯಾಲಿನ ಹೊಟ್ಟಿಕಿಚ್ಚಿಂದೋ
ಇನ್ನೂ ತಿಳೀವಲ್ದು.

ಇವತ್ತಿಗೆ ಹದಿನಾರು.
ತಗೋತೀನಿ ಅಂದಿಲ್ಲ, ಬ್ಯಾಡ ಅಂದಿಲ್ಲ.
ಕೆಲಸಕ್ಕಂತ ಮಿರಜಕ್ಕ ಹೋದಾಕಿ
ಜೂನಾ ಬಜಾರಿನ್ಯಾಗ ಒಂದು ವೈಪರ್ ಕಡ್ಡಿ ತಂದೀನಿ,
ನಲವತ್ತು ರೂಪಾಯಿ.
ಅದು ಈ ಗಾಡಿದು ಅಲ್ಲಂತ, ದಸ್ತಗೀರ ಅಂದ.
ಮುಂದಿನ ಗಾಜೂ ಇಲ್ಲ ಅದಕ್ಕ. ನಮ್ಮ ಕಡೆ ಮಳಿನೂ ಅಷ್ಟಕ್ಕಷ್ಟ.
ಪಾಲಿಸಿ ಕಾಗದದ ಟ್ರಂಕಿನ್ಯಾಗ
ಇರಕಲ್ ಸೀರಿ ಮಡಿಕ್ಯಾಗ ಇಟ್ಟೀನಿ.
ರಾತ್ರಿ ಎದ್ದು ಒರಸ್ತೀನಿ.